ಮೌಸಿಗೊಂದು ರೊಟ್ಟಿಬಟ್ಟೆ

ಹದಿನೇಳನೆಯ ಮೌಸೂ ಗಾಜಿನ ಮೇಲೆ ತಡವರಿಸುತ್ತಿದೆ. ಸುಮೇಧಾ ಅದನ್ನೆತ್ತಿ ಪಕ್ಕದ ಕೌದಿಯ ಮೇಲಿಡುತ್ತಾರೆ. ಪರದೆಯ ಮೇಲಿನ ಬಾಣ ಕೂಡಲೇ ಸುಮ್ಮನಾಗಿ, ಕೈ ಹೋದತ್ತ ತಾನೂ ಹೋಗುತ್ತದೆ. ಹೊರಗೆ ಹುಮನಾಬಾದದ ಬೀದಿಯಲ್ಲಿ ಇನ್ನೂ ಪೂರ್ತಿ ಬೆಳಗಾಗಿಲ್ಲ. ಒಲೆಯ ಮೇಲೆ ಚಹಾ ಕುದಿಯುತ್ತಿದೆ, ನೆಲದ ಮೇಲೆ ಇಪ್ಪತ್ತು ಮೌಸ್‌ಗಳು ಬಾಲ ಸುತ್ತಿಕೊಂಡು ಮಲಗಿವೆ. ಅವುಗಳಲ್ಲಿ ಇನ್ನು ಮೂರನ್ನು ನೋಡುವುದು ಉಳಿದಿದೆ. ಮೊದಲ ಬಸ್ಸಿಗೆ ನಲವತ್ತು ನಿಮಿಷವಿದೆ.

ಅವರ ಮುಂದೆ ಐದು ನೆಲಗಳು ಸಾಲಾಗಿವೆ: ಮನೆಯ ನೆಲಕ್ಕೆ ಹಾಸಿದ ಶಹಾಬಾದಿ ಕಲ್ಲಿನ ಪರಸಿ, ಒಂದು ಸ್ಟೀಲಿನ ತಾಟು, ಹಳೆಯ ಕೌದಿಯ ತುಂಡು, ಒಂದು ವೃತ್ತಪತ್ರಿಕೆ, ಒಡೆದ ಫೋಟೋ ಕಟ್ಟಿನಿಂದ ತೆಗೆದ ಗಾಜು. ರಿಪೇರಿಗೆ ಬಂದ ಪ್ರತಿ ಮೌಸೂ ಈ ಐದನ್ನೂ ದಾಟಬೇಕು. ನಾಲ್ಕು ದಾಟಿದರೆ ಅದು ಚೆನ್ನಾಗಿದೆ ಎಂದು ಅರ್ಥ. ಐದನೆಯದಾದ ಗಾಜನ್ನು ದಾಟದಿದ್ದರೆ ಅದರ ತಪ್ಪಲ್ಲ.

"ಇದರ ಹೊಟ್ಟ್ಯಾಗ ಸಣ್ಣ ಕ್ಯಾಮೆರಾ ಅದರಿ. ದೀಪ ಹಚ್ಚಿಕೊಂಡು ನೆಲದ ಫೋಟೋ ತಕ್ಕೊಂತ ಹೋಗ್ತದ, ಸೆಕೆಂಡಿಗಿ ಸಾವಿರಗಟ್ಲೆ. ಹಿಂದಿನ ಫೋಟೋ, ಮುಂದಿನ ಫೋಟೋ ಜೋಡಿಸಿ ನೋಡಿ ಇಷ್ಟು ಸರದೀನಿ ಅಂತ ತಿಳಕೊಂತದ. ನೆಲದಾಗ ಒಂದು ಗೆರಿ, ಒಂದು ನಾರು, ಏನರ ಇರಬೇಕು. ಗಾಜಿನ್ಯಾಗ ಏನ ಅದ ನೋಡಾಕ?" ಎಂದು ಕೇಳಿದವರಿಗೆಲ್ಲ ಹೇಳುವ ಸುಮೇಧಾ ಹದಿನೆಂಟನೆಯದನ್ನು ಅಂಗಾತ ಮಲಗಿಸಿ, ಹತ್ತಿ ಸುತ್ತಿದ ಕಡ್ಡಿಯಿಂದ ಅದರ ಕಣ್ಣು ಒರೆಸುತ್ತಾರೆ.

ಅವರಿಗೀಗ ನಲವತ್ತೊಂದು. ಬಸ್ ನಿಲ್ದಾಣದ ಹತ್ತಿರದ ರಿಪೇರಿ ಅಂಗಡಿಯಲ್ಲಿ ಕಸ ಗುಡಿಸಲು ಸೇರಿದವರು, ಎರಡನೇ ವರ್ಷ ಸ್ಕ್ರೂಡ್ರೈವರ್ ಹಿಡಿದರು. ಆಗಿನ ಮೌಸಿನ ಹೊಟ್ಟೆಯಲ್ಲಿ ರಬ್ಬರ್ ಗುಂಡು ಇರುತ್ತಿತ್ತು. ಅದು ಉರುಳುತ್ತಾ ಮೇಜಿನ ಧೂಳನ್ನೆಲ್ಲ ಒಳಗೆ ಎಳೆದುಕೊಳ್ಳುತ್ತಿತ್ತು. ಉಗುರಿನಿಂದ ಕೆರೆದು ತೆಗೆಯುವ ಕೆಲಸವೆಂದು ಗಂಡಸರು ಅದನ್ನು ಇವರ ಕಡೆ ದೂಡುತ್ತಿದ್ದರು. ಅಂಗಡಿ ಮುಚ್ಚಿದ ಮೇಲೆ ಕೆಲಸ ಮನೆಗೇ ಬಂತು. ಚಿಟಗುಪ್ಪದಿಂದ, ಬಸವಕಲ್ಯಾಣದಿಂದ ಚೀಲಗಳು ಬಸ್ಸಿನ ಕಂಡಕ್ಟರರ ಕೈಯಲ್ಲಿ ಬರುತ್ತವೆ, ಹೋಗುತ್ತವೆ. ದಿನಕ್ಕೆ ಹನ್ನೆರಡು, ಹದಿನೈದು. ದಸರೆಯ ಮರುವಾರ ಮಾತ್ರ ಅರವತ್ತು ದಾಟುತ್ತದೆ. ಖಂಡೆ ಪೂಜೆಯಲ್ಲಿ, ಅಂದರೆ ಆಯುಧಪೂಜೆಯ ದಿನ, ಕಂಪ್ಯೂಟರಿಗೂ ಪೂಜೆ, ಮೌಸಿಗೂ ಕುಂಕುಮ.

"ಪೂಜಾ ಮಾಡ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಕಣ್ಣಾಗ ಕುಂಕುಮ ಹಾಕಬ್ಯಾಡ್ರಿ ಅಂತ ಪ್ರತಿ ವರ್ಷ ಹೇಳ್ತೀನಿ. ಪ್ರತಿ ವರ್ಷ ಹಾಕ್ತಾರ," ಎಂದು ನಗುತ್ತಾರೆ.

ಇವತ್ತಿನ ಇಪ್ಪತ್ತು ಮೌಸ್‌ಗಳು ಬಸವಕಲ್ಯಾಣದ ಒಂದು ಮಹಿಳಾ ತರಬೇತಿ ಕೇಂದ್ರದವು. ಇದೇ ತಿಂಗಳಲ್ಲಿ ಮೂರನೇ ಸಲ ಬಂದಿವೆ. ಎರಡು ಸಲ "ಎಲ್ಲಾ ಚಲೋ ಅವ" ಎಂದು ಸುಮೇಧಾ ಚೀಟಿ ಬರೆದು ಕಳಿಸಿದ್ದರು. ಎರಡು ಸಲವೂ "ಓಡವಲ್ಲವು" ಎಂಬ ಚೀಟಿಯೊಡನೆ ತಿರುಗಿ ಬಂದವು. ನಿನ್ನೆಯ ಚೀಟಿಯ ಕೆಳಗೆ ಇನ್ನೊಂದು ಸಾಲಿತ್ತು: ನಾಳೆ ಹನ್ನೊಂದಕ್ಕೆ ಪರೀಕ್ಷೆ. ಈ ಸಲ ಚೀಲವನ್ನು ಕಂಡಕ್ಟರನ ಕೈಗೆ ಕೊಡದೆ, ಸುಮೇಧಾ ತಾವೇ ಹೊತ್ತುಕೊಂಡು ಬಸ್ ಹತ್ತುತ್ತಾರೆ.

ಕೇಂದ್ರದ ಬಾಗಿಲಲ್ಲಿ ಒಬ್ಬ ಹೆಂಗಸು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾರೆ, ಹೊರಡುವ ಅವಸರದಲ್ಲಿ. ಅವರೇ ನಾರಾಯಣಪುರದ ಕಮಳಾಬಾಯಿ. ನಲವತ್ತಾರು ವರ್ಷ. ಹೊಲದ ಕೂಲಿ ಮಾಡುತ್ತಲೇ, ತಡವಾಗಿ ಹತ್ತನೇ ತರಗತಿ ಪಾಸು ಮಾಡಿದವರು. ಈ ಪರೀಕ್ಷೆಯಲ್ಲಿ ಪಾಸಾದವರು ತಮ್ಮ ಊರಿನಲ್ಲೇ ಮಹಿಳಾ ಒಕ್ಕೂಟದ ಕಂಪ್ಯೂಟರ್ ಮುಂದೆ ಕೂತು ಜನರ ಅರ್ಜಿ ತುಂಬುವ ಕೆಲಸ ಮಾಡಬಹುದು. ಒಮ್ಮೆ ಫೇಲಾದ ಅವರಿಗೆ ಇದು ಎರಡನೇ ಅವಕಾಶ. ಮೂರನೆಯದಿಲ್ಲ.

"ಎಲ್ಲಿಗಿ ನಡದ್ರಿ ಅಕ್ಕಾ, ಪರೀಕ್ಷಾ ಬಿಟ್ಟು?" ಸುಮೇಧಾ ತಡೆದು ಕೇಳುತ್ತಾರೆ.

"ಊರಿಗಿ ಹೋಗ್ತೀನಿ ಬಾಯಿ. ಕುಡಗೋಲ ಹಿಡದ ಕೈ ಇದು, ಇದಕ್ಕ ಆಗಂಗಿಲ್ಲ. ನಾ ಬಲಕ್ಕ ಎಳದ್ರ ಬಾಣ ಮ್ಯಾಲ ಜಿಗೀತದ. ನಿನ್ನಿ ರಾತ್ರಿ ಕೈಗಿ ಎಣ್ಣಿ ಹಚ್ಚಿ ತಿಕ್ಕೊಂಡು ಮಲಗೀನಿ, ಮೆತ್ತಗ ಆದೀತು ಅಂತ."

ಒಳಗಿನಿಂದ, ಪರೀಕ್ಷೆಗೆ ಬಂದಿದ್ದ, ಬಸವಕಲ್ಯಾಣದವರೇ ಆದ ವಹೀದಾ ಕೂಗುತ್ತಾರೆ: "ಎಣ್ಣಿ ಹಚ್ಚಿದ್ದಕ್ಕೇ ಅದು ಜಾರಾಕತ್ತದ ಕಮಳಾಬಾಯಿ! ಅದೇ ಎಣ್ಣ್ಯಾಗ ನಾಕು ಭಜಿ ಕರದು ತಂದಿದ್ರ ನಮಗರ ಆಗ್ತಿತ್ತು."

ಎಲ್ಲರೂ ನಗುತ್ತಾರೆ. ಕಮಳಾಬಾಯಿ ನಗುವುದಿಲ್ಲ. ಸುಮೇಧಾ ಅವರ ಕೈ ಹಿಡಿದು ಒಳಗೆ ಕರೆತರುತ್ತಾರೆ, ಮೇಜುಗಳನ್ನು ನೋಡುತ್ತಾರೆ. ಹೊಸ ಮೇಜುಗಳು. ಪ್ರತಿಯೊಂದರ ಮೇಲೂ ಬೆರಳು ದಪ್ಪದ ಗಾಜು, ಗಾಜಿನ ಕೆಳಗೆ ಕೇಂದ್ರದ ಉದ್ಘಾಟನೆಯ ಬಣ್ಣದ ಫೋಟೋಗಳು. ಕೇಂದ್ರದ ಮೇಲ್ವಿಚಾರಕ ಜ್ಞಾನೇಶ್ವರ ಅದನ್ನು ಹೆಮ್ಮೆಯಿಂದ ಹಾಕಿಸಿದ್ದಾರೆ.

"ಸರ್, ಮೌಸ್ ಚಲೋ ಅವ. ಈ ಗಾಜು ತೆಗಸ್ರಿ."

"ಗಾಜ ಏನ ಮಾಡ್ಯದರಿ ಪಾಪ? ಕೆಳಗ ಫೋಟೋ ಅವಲ್ಲ, ಅವನ್ನ ನೋಡಿಕೊಂಡು ಓಡಲಿ."

"ಅಷ್ಟು ಕೆಳಗ ಅದಕ್ಕ ಕಾಣಂಗಿಲ್ರಿ. ಅದರ ಕಣ್ಣು ತನ್ನ ಮೂಗಿನ ಬುಡದಾಗಿಂದಷ್ಟೇ ನೋಡ್ತದ."

"ಗಾಜ ತಗದ್ರ ಫೋಟೋ ಕೆಡ್ತಾವ. ಹತ್ತೂವರಿ ಆತು. ಈಗ ಬ್ಯಾಡ್ರಿ."

ಸುಮೇಧಾ ವಾದಿಸುವುದಿಲ್ಲ. ಸುತ್ತ ನೋಡುತ್ತಾರೆ. ಗೋಡೆಯ ಪಕ್ಕ ಹನ್ನೆರಡು ಹೆಂಗಸರ ಹನ್ನೆರಡು ಚೀಲಗಳಿವೆ. ಊರು ಬಿಟ್ಟು ಬಂದವರು ಮಧ್ಯಾಹ್ನಕ್ಕೆ ಜೋಳದ ರೊಟ್ಟಿ ಕಟ್ಟಿಕೊಂಡು ಬಂದಿರುತ್ತಾರೆ, ಊರಲ್ಲೇ ಇರುವ ವಹೀದಾ ಕೂಡ.

"ಅಕ್ಕಾ, ರೊಟ್ಟಿ ಬಿಚ್ಚರಿ."

"ಈಗೇನು ಉಣ್ಣಾದು?"

"ಉಣ್ಣಾಕ ಅಲ್ಲ. ಬಟ್ಟಿ ಬೇಕು."

ಕಮಳಾಬಾಯಿಯ ರೊಟ್ಟಿಬಟ್ಟೆ ಒರಟು ಬಿಳಿ ಹತ್ತಿಯದು, ತೊಳೆದೂ ತೊಳೆದೂ ನಾರು ಎದ್ದದ್ದು. ಸುಮೇಧಾ ಅದನ್ನು ಕೊಡವಿ, ಎರಡು ಮಡಿಕೆ ಮಾಡಿ, ಸುಕ್ಕಿಲ್ಲದಂತೆ ಎಳೆದು, ನಾಲ್ಕು ಮೂಲೆಗೂ ಟೇಪು ಅಂಟಿಸುತ್ತಾರೆ. ಮೌಸ್ ಇಟ್ಟು, "ಎಳೀರಿ," ಎನ್ನುತ್ತಾರೆ. ಕಮಳಾಬಾಯಿ ಬಲಕ್ಕೆ ಎಳೆಯುತ್ತಾರೆ. ಬಾಣ ಬಲಕ್ಕೆ ಹೋಗುತ್ತದೆ. ಎಡಕ್ಕೆ ಎಳೆಯುತ್ತಾರೆ. ಎಡಕ್ಕೆ ಬರುತ್ತದೆ. ಅವರು ಪರದೆಯನ್ನು ಬಿಟ್ಟು ತಮ್ಮ ಕೈಯನ್ನೇ ನೋಡುತ್ತಾರೆ, ಬಹಳ ಹೊತ್ತು, ಅದು ಬೇರೆ ಯಾರದೋ ಎಂಬಂತೆ.

"ರೊಟ್ಟಿ ವಾಸನಿ ಬಂತಂದ್ರ ಯಾವ ಇಲಿ ಓಡಂಗಿಲ್ಲ?" ವಹೀದಾ ತಮ್ಮ ಬಟ್ಟೆ ಬಿಚ್ಚುತ್ತಾ ಹೇಳುತ್ತಾರೆ. ಐದು ನಿಮಿಷದಲ್ಲಿ ಪರೀಕ್ಷೆಯ ಹನ್ನೆರಡು ಮೇಜುಗಳ ಮೇಲೂ ರೊಟ್ಟಿಬಟ್ಟೆ ಹಾಸಿಕೊಳ್ಳುತ್ತದೆ. ಜ್ಞಾನೇಶ್ವರ ಏನೋ ಹೇಳಲು ಬಂದವರು, ಬಾಣಗಳು ನೆಟ್ಟಗೆ ಓಡುವುದನ್ನು ಕಂಡು ಟೇಪಿನ ಇನ್ನೊಂದು ಸುರುಳಿ ತಂದುಕೊಡುತ್ತಾರೆ.

ಪರೀಕ್ಷೆ ಒಂದು ಗಂಟೆಯದು. ಸುಮೇಧಾ ಹೊರಗೆ ಗೋಡೆಗೊರಗಿ ಕಾಯುತ್ತಾರೆ. ಅಲ್ಲಿ ಒಂದು ಪ್ರಕಟಣೆ ಅಂಟಿಸಿದೆ: ಕೇಂದ್ರಕ್ಕೆ ಕಂಪ್ಯೂಟರ್ ಕಲಿಸುವ ಶಿಕ್ಷಕಿ ಬೇಕು, ವಯಸ್ಸಿನ ಮಿತಿ ಇಲ್ಲ, ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಕೆಳಗಿನ ಡಬ್ಬಿಯಲ್ಲಿ ಅರ್ಜಿಗಳಿವೆ. ಒಂದನ್ನು ತೆಗೆದುಕೊಳ್ಳುತ್ತಾರೆ. ಮತ್ತೆ ಒಳಗೆ ಹಾಕುತ್ತಾರೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವರೂ ಇಂಥ ಒಂದು ಪರೀಕ್ಷೆಗೆ ಕೂತಿದ್ದರು, ಆಪರೇಟರ್ ಹುದ್ದೆಗೆ, ಹುಮನಾಬಾದದ ಒಂದು ಟೈಪಿಂಗ್ ಸಂಸ್ಥೆಯಲ್ಲಿ. ಕನ್ನಡಿಯಂತೆ ಹೊಳೆಯುವ ಕಪ್ಪು ಕಲ್ಲಿನ ಕಟ್ಟೆ, ಅದರ ಮೇಲೆ ಆಗಷ್ಟೇ ಬಂದಿದ್ದ ಕೆಂಪು ಬೆಳಕಿನ ಹೊಸ ಮೌಸ್. ಬಾಣ ನಡುಗಿತ್ತು. ಅಲ್ಲಿನ ಮೇಲ್ವಿಚಾರಕರು "ಕೈ ನಡುಗಿಸಬ್ಯಾಡಮ್ಮ" ಎಂದಿದ್ದರು. ಸುಮೇಧಾ ಫೇಲಾದರು, ಅಂದಿನಿಂದ ಯಾವ ಪರೀಕ್ಷೆಗೂ ಕೂತಿಲ್ಲ.

ಮಧ್ಯಾಹ್ನವೇ ಫಲಿತಾಂಶ ಬರುತ್ತದೆ. ಹನ್ನೆರಡರಲ್ಲಿ ಹತ್ತು ಮಂದಿ ಪಾಸು. ಕಮಳಾಬಾಯಿಯ ಹೆಸರು ಒಂಬತ್ತನೆಯದು. ಅವರು ಟೇಪು ಬಿಡಿಸಿ, ಬಟ್ಟೆ ಕೊಡವಿ, ರೊಟ್ಟಿಗಳನ್ನು ಮತ್ತೆ ಕಟ್ಟುತ್ತಾರೆ. ಎರಡನ್ನು ಸುಮೇಧಾರ ಕೈಗಿಡುತ್ತಾರೆ. "ಇಬ್ಬರು ಉಳಿದ್ರಲ್ಲ, ಅವರ ಮೇಜಿಂದೂ ತಪ್ಪೇನು?" ಎಂದು ಜ್ಞಾನೇಶ್ವರ ಕೆಣಕುತ್ತಾರೆ.

"ಇಲ್ರಿ. ಅವರು ಸರಿ ಕಲತಿರ್ಲಿಲ್ಲ," ಎನ್ನುತ್ತಾರೆ ಸುಮೇಧಾ. "ಮೇಜಿಂದೆಷ್ಟು, ಕೈದೆಷ್ಟು ಅಂತ ಮೊದಲು ಗೊತ್ತಾಗಬೇಕು. ಅಷ್ಟೇ ನಾ ಮಾಡಾದು."

ಹೊರಡುವಾಗ ಬಾಗಿಲ ಬಳಿ ಒಂದು ಗಳಿಗೆ ನಿಲ್ಲುತ್ತಾರೆ. ಅರ್ಜಿಯ ಡಬ್ಬಿಗೆ ಕೈ ಹಾಕುವಾಗ ಯಾರೂ ನೋಡುತ್ತಿರುವುದಿಲ್ಲ.

ಸಂಜೆಯ ಬಸ್ಸು ಹುಮನಾಬಾದದೊಳಗೆ ಬರುವಾಗ ಆ ಹಳೆಯ ಟೈಪಿಂಗ್ ಸಂಸ್ಥೆ ಬಲಕ್ಕೆ ಸಿಗುತ್ತದೆ. ಈಗಲ್ಲಿ ತೊಗರಿಯ ಮೂಟೆಗಳಿವೆ. ಕಪ್ಪು ಕಲ್ಲಿನ ಕಟ್ಟೆ ಬಸ್ಸಿನ ಕಿಟಕಿಯಿಂದಲೇ ಕಾಣುತ್ತದೆ. ಎಷ್ಟೋ ವರ್ಷಗಳಿಂದ, ಒಂದು ದಿನ ಇಳಿದು ಅದರ ಮೇಲೊಂದು ಮೌಸ್ ಇಟ್ಟು ನೋಡಬೇಕು ಎಂದು ಸುಮೇಧಾ ಅಂದುಕೊಳ್ಳುತ್ತಲೇ ಇದ್ದಾರೆ. ತಪ್ಪು ಕಲ್ಲಿನದೋ, ತನ್ನದೋ ಎಂದು. ಕಪ್ಪು ಕಲ್ಲು ಕೆಲವೊಮ್ಮೆ ಓಡಗೊಡುತ್ತದೆ, ಕೆಲವೊಮ್ಮೆ ಇಲ್ಲ. ಚೀಲದಲ್ಲಿ ಇವತ್ತೂ ಒಂದು ಮೌಸಿದೆ. ಬಸ್ಸು ಅಲ್ಲಿ ನಿಂತು ಇಬ್ಬರನ್ನು ಇಳಿಸುತ್ತದೆ. ಅವರು ಏಳುವುದಿಲ್ಲ.

ಮನೆಯಲ್ಲಿ ಗಂಡ ಉತ್ತಮ್ ಕೇಳುತ್ತಾರೆ: "ಏನಾಗಿತ್ತು ಅವಕ್ಕ?"

"ಏನಿಲ್ಲ. ಮೇಜಿನ ಮ್ಯಾಲ ಗಾಜಿತ್ತು."

ಅವರು ಚಹಾ ಕುಡಿದು ಹೊರಗೆ ಹೋದ ಮೇಲೆ ಸುಮೇಧಾ ಹಗ್ಗದ ಮೇಲೆ ಒಣಗಿದ ತಮ್ಮ ರೊಟ್ಟಿಬಟ್ಟೆಯನ್ನು ತೆಗೆಯುತ್ತಾರೆ. ಪರಸಿಯ ಮೇಲೆ ಹಾಸಿ, ಅಂಗೈಯಿಂದ ಸುಕ್ಕು ತೀಡಿ, ಎರಡು ಮಡಿಕೆ ಮಾಡುತ್ತಾರೆ. ಅರ್ಜಿಯಲ್ಲಿ ಹೆಸರು ಬರೆಯುತ್ತಾರೆ, ವಯಸ್ಸು ಬರೆಯುತ್ತಾರೆ. ಬಟ್ಟೆಯೊಳಗೆ ಅರ್ಜಿಯನ್ನಿಟ್ಟು ಚೀಲದ ತಳಕ್ಕೆ ಸೇರಿಸಿ, ಅದರ ಮೇಲೆ ನಾಳೆಯ ಮೌಸ್‌ಗಳನ್ನು ಒಂದೊಂದಾಗಿ ಜೋಡಿಸುತ್ತಾರೆ.