ಪ್ಲಗ್ಗಿನ ಬಣ್ಣ ಹೇಳುವ ಕೆಲಸ

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಬೆಳಗಾವಿಯಿಂದ ಖಾನಾಪುರಕ್ಕೆ ಮದುವೆಯಾಗಿ ಹೋದೆ. ಗಂಡನದು ಬಸ್ ನಿಲ್ದಾಣದಿಂದ ಸ್ವಲ್ಪ ಆಚೆ, ಗೋವಾ ಕಡೆಗೆ ಹೋಗುವ ರಸ್ತೆಯ ಮೇಲೆ ಒಂದು ತಗಡಿನ ಗ್ಯಾರೇಜು. ಅದರ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಲಿಂಗ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಅವರು ಗ್ಯಾರೇಜಿಗೆ ಇಳಿದರೆ ಸಂಜೆಯವರೆಗೆ ಊಟಕ್ಕೆ ಕರೆದರೂ ಕೇಳಿಸುತ್ತಿರಲಿಲ್ಲ. ಗಾಡಿ ಬಂದರೆ ಬಾನೆಟ್ ಎತ್ತಿ ಮೊದಲು ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗುಗಳನ್ನು ಬಿಚ್ಚುತ್ತಿದ್ದರು. ತುದಿಯ ಬಣ್ಣ ನೋಡಿ, ಒಳಗೆ ಏನಾಗಿದೆ ಎಂದು ಹೇಳುತ್ತಿದ್ದರು. ನನಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಎಣ್ಣೆ ಮೆತ್ತಿದ ಅವರ ಅಂಗಿ ಒಗೆಯುವುದಷ್ಟೇ ನನ್ನ ಪಾಲಿನ ಗ್ಯಾರೇಜು.

ಮದುವೆಯಾಗಿ ಕೆಲವು ವರ್ಷಕ್ಕೆ ಚಾರ್ಜಿಗೆ ಹಾಕಿದ್ದ ಒಂದು ಬ್ಯಾಟರಿ ಅವರ ಮುಖದ ಮುಂದೆಯೇ ಸಿಡಿಯಿತು. ತಂತಿ ಬಿಡಿಸುವಾಗ ಕಿಡಿ ಹಾರಿತ್ತು. ಆಸಿಡ್ ಎರಡೂ ಕಣ್ಣಿಗೆ ಬಿತ್ತು. ನಾನು ಕೊಡಗಟ್ಟಲೆ ನೀರು ಸುರಿದೆ. ಬೆಳಗಾವಿಯ ದವಾಖಾನೆಯಲ್ಲಿ ಬಹಳ ದಿನ ಇಟ್ಟುಕೊಂಡರು. ಒಂದು ಕಣ್ಣು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬಷ್ಟು ಬೆಳಕು ಉಳಿಯಿತು.

ಮನೆಗೆ ಬಂದ ಮೇಲೆ ಅವರು ಮೂಲೆಯಲ್ಲಿ ಕೂತುಬಿಡುತ್ತಾರೆ ಎಂದುಕೊಂಡಿದ್ದೆ. ಕೂರಲಿಲ್ಲ. ಕೆಲಸಕ್ಕಿದ್ದವರು ಬೇರೆ ಗ್ಯಾರೇಜು ಹಿಡಿದುಹೋಗಿದ್ದರು. ಇವರು ಒಬ್ಬರೇ ಕೈಯಾಡಿಸುತ್ತ ನಟ್ಟು ಬೋಲ್ಟು ಬಿಚ್ಚತೊಡಗಿದರು. ಕಿವಿಯಿಂದ, ಮೂಗಿನಿಂದ, ಬೆರಳಿನಿಂದ ಮುಕ್ಕಾಲು ಕೆಲಸ ನಡೆಯುತ್ತಿತ್ತು. ಬಣ್ಣ ಮಾತ್ರ ಬೆರಳಿಗೆ ಸಿಗುತ್ತಿರಲಿಲ್ಲ. ಒಂದು ದಿನ ಅಡುಗೆಮನೆಯ ಬಾಗಿಲಿಗೆ ಬಂದು, ಇದರ ತುದಿ ಹೇಗಿದೆ ನೋಡಿ ಹೇಳು ಎಂದು ಪ್ಲಗ್ಗು ಚಾಚಿದರು. ಕಪ್ಪಗಿದೆ ಎಂದೆ. ಎಂಥ ಕಪ್ಪು ಎಂದು ಕೇಳಿದರು. ನನಗೆ ಗೊತ್ತಿದ್ದ ಕಪ್ಪೆಲ್ಲ ಒಲೆಯ ಸುತ್ತಲಿನದು. ಒಲೆಯ ಹಿಂದಿನ ಗೋಡೆಯ ಮಸಿಯಂತೆ ಎಂದೆ. ಹಾಗಾದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ ಎಂದು ಕಾರ್ಬುರೇಟರಿಗೆ ಕೈ ಹಾಕಿದರು.

ಆಮೇಲೆ ಅದೇ ನಮ್ಮ ಭಾಷೆಯಾಯಿತು. ಹದವಾಗಿ ಬೆಂದ ರೊಟ್ಟಿಯ ಬಣ್ಣವಿದ್ದರೆ ಎಂಜಿನ್ ಸುಖವಾಗಿದೆ. ಒಗ್ಗರಣೆ ಬಾಣಲಿಯ ತಳದಂತೆ ಕಪ್ಪಗೆ ಜಿಡ್ಡಾಗಿದ್ದರೆ ಆಯಿಲ್ ಮೇಲೇರುತ್ತಿದೆ, ಪಿಸ್ಟನ್ನಿನ ರಿಂಗುಗಳು ಸವೆದಿವೆ. ವಿಭೂತಿಯಂತೆ ಬೆಳ್ಳಗಾಗಿದ್ದರೆ ಒಳಗೆ ಅತಿಯಾಗಿ ಕಾಯುತ್ತಿದೆ. ನಾನು ನಾಲ್ಕೂ ಪ್ಲಗ್ಗುಗಳನ್ನು ತಾಟಿನಲ್ಲಿ ಸಾಲಾಗಿಟ್ಟುಕೊಂಡು ಅಂಗಳದ ಬಿಸಿಲಿಗೆ ನಿಲ್ಲುತ್ತಿದ್ದೆ. ಕೆಲವು ಗಿರಾಕಿಗಳು ನಗುತ್ತಿದ್ದರು. ಕೆಲವರು ಬರುವುದನ್ನೇ ಬಿಟ್ಟರು. ಉಳಿದವರು ಹಳೆಯ ಪರಿಚಯದವರು.

ಅವರಲ್ಲಿ ಒಬ್ಬ ಘಟ್ಟದ ಮೇಲಿನ ಕಣಕುಂಬಿಯ ಕಡೆ ಜೀಪು ಓಡಿಸುತ್ತಿದ್ದ. ಮರಾಠಿ ಮನೆಮಾತಿನವನು, ನನ್ನ ಗಂಡನ ಜೊತೆ ಸಾಲೆಗೆ ಹೋದವನು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದ. ದವಾಖಾನೆಯಲ್ಲಿದ್ದಾಗ ನಮಗೆ ಬುತ್ತಿ ತಂದುಕೊಟ್ಟವನೂ ಅವನೇ. ಬೇಸಿಗೆಯ ಒಂದು ಬೆಳಿಗ್ಗೆ, ಜೀಪು ಏರಿನಲ್ಲಿ ಎಳೆಯುತ್ತಿಲ್ಲ, ನೀರೂ ಬಹಳ ಕುಡಿಯುತ್ತಿದೆ ಎಂದು ಬಂದ. ಇವರು ಪ್ಲಗ್ಗು ಬಿಚ್ಚಿ ತಾಟಿಗೆ ಹಾಕಿದರು.

“ಮೂರು ರೊಟ್ಟಿ ಬಣ್ಣ ಅದಾವ್ರಿ. ಒಂದು ಮಾತ್ರ ತೊಳದಿಟ್ಟಂಗ ಐತಿ,” ಎಂದೆ.

“ಬೆಳ್ಳಗೇನು?”

“ಬೆಳ್ಳಗಲ್ಲ. ಅಂಗಡಿಯಿಂದ ಈಗ ತಂದಂಗ, ಸ್ವಚ್ಛ.”

ಅವರು ಆ ಪ್ಲಗ್ಗಿನ ತುದಿಯ ಮೇಲೆ ಬೆರಳಾಡಿಸಿ ಮೂಸಿದರು. ಆಮೇಲೆ, ಎಂಜಿನ್ನಿನ ಹೆಡ್ಡಿನ ಕೆಳಗೆ ನೀರು ತಡೆಯುವ ಗ್ಯಾಸ್ಕೆಟ್ ಹೋಗಿದೆ, ಆ ಸಿಲಿಂಡರಿಗೆ ನೀರು ಇಳಿಯುತ್ತಿದೆ, ಆ ಉಗಿಯೇ ಪ್ಲಗ್ಗನ್ನು ತೊಳೆಯುತ್ತಿದೆ ಎಂದು ಹೇಳಿದರು. ಜೀಪು ಇಲ್ಲೇ ಬಿಡು, ಬೆಳಗಾವಿಯಿಂದ ಗ್ಯಾಸ್ಕೆಟ್ ತರಿಸಿ ಹೆಡ್ ಇಳಿಸೋಣ, ಘಟ್ಟದ ಕಡೆ ಮಾತ್ರ ಒಯ್ಯಬೇಡ ಎಂದರು.

ಅವನು ಒಪ್ಪಲಿಲ್ಲ. ಕಣಕುಂಬಿಯಲ್ಲಿ ಮದುವೆ ಮಂದಿ ಕಾಯುತ್ತಿದ್ದಾರೆ, ದಾರಿಯಲ್ಲಿ ನೀರು ತುಂಬಿಸಿಕೊಂಡು ಹೋಗುತ್ತೇನೆ ಎಂದ. ನನ್ನ ಕಡೆ ತಿರುಗಿ, “ವೈನಿ, ಸ್ವಚ್ಛ ಐತಿ ಅಂದ್ರ ಚಲೋನ ಅಲ್ಲೇನ್ರಿ?” ಎಂದು ನಕ್ಕ. ಕುಹಕದ ನಗೆಯಲ್ಲ ಅದು. ಆದರೆ ಕುರುಡ ಗೆಳೆಯ ಮತ್ತು ಅವನ ಹೆಂಡತಿಯ ಮಾತಿಗೆ ದುಡಿಮೆ ಬಿಡಲು ಅವನಿಗೆ ಮನಸ್ಸಿರಲಿಲ್ಲ. ಪ್ಲಗ್ಗುಗಳನ್ನು ಇವರ ಕೈಯಿಂದಲೇ ಮತ್ತೆ ಹಾಕಿಸಿಕೊಂಡು ಹೋದ.

ಜಾಂಬೋಟಿ ದಾಟಿದ ಮೇಲೆ ಏರಿನಲ್ಲಿ ಜೀಪು ಕುದಿದು ನಿಂತಿತು. ಅವನು ಟವೆಲ್ಲು ಸುತ್ತಿ ರೇಡಿಯೇಟರಿನ ಮುಚ್ಚಳ ತಿರುವಿದ. ಕುದಿಯುವ ನೀರು ಮುಖಕ್ಕೆ, ಕೊರಳಿಗೆ, ಎದೆಗೆ ಸಿಡಿಯಿತು. ಕಟ್ಟಿಗೆಯ ಲಾರಿಯವರು ಅವನನ್ನು ಬೆಳಗಾವಿಗೆ ಸಾಗಿಸಿದರು.

ನಾವು ದವಾಖಾನೆಗೆ ನೋಡಲು ಹೋದಾಗ, ಸುಟ್ಟ ಮೈ ಅಂಟದಿರಲೆಂದು ಹಾಸಿದ್ದ ಬಾಳೆ ಎಲೆಯ ಮೇಲೆ ಅವನು ಮಲಗಿದ್ದ. ಅವನ ಹೆಂಡತಿ ಔಷಧಿ ತರಲು ಹೊರಗೆ ಹೋಗಿದ್ದಳು. ನಾನು ಇವರ ಕೈ ಹಿಡಿದು ಮಂಚದ ಹತ್ತಿರ ನಿಲ್ಲಿಸಿದೆ. ಅವನ ಮುಖ ಹೇಗಿದೆ ಎಂದು ಇವರು ನನ್ನನ್ನು ಕೇಳಲಿಲ್ಲ. ಅವತ್ತು ಅವರು ಕೇಳದೆ ಬಿಟ್ಟದ್ದಕ್ಕೆ ನಾನು ಮನಸ್ಸಿನಲ್ಲೇ ಕೈಮುಗಿದೆ.

“ನೀ ಹೇಳಿದ್ದಿ. ನಾ ಕೇಳಲಿಲ್ಲ,” ಎಂದ ಅವನು. ತುಟಿ ಊದಿಕೊಂಡು ಮಾತು ಅರ್ಧ ಮಾತ್ರ ಹೊರಡುತ್ತಿತ್ತು. ಆ ವಾರದಲ್ಲೇ ತೀರಿಕೊಂಡ.

ಊರಿನಲ್ಲಿ ಮಾತು ಬೇರೆ ರೀತಿ ಹರಡಿತು. ಜೀಪು ಕೊನೆಗೆ ಹೊರಟದ್ದು ನಮ್ಮ ಅಂಗಳದಿಂದ. ಕುರುಡನ ಕೈಗೆ ಗಾಡಿ ಕೊಟ್ಟು ಸತ್ತ ಎಂದರು ಕೆಲವರು. ಹೆಂಗಸಿನ ಕಣ್ಣು ನಂಬಿದರೆ ಇನ್ನೇನಾಗುತ್ತದೆ ಎಂದರು ಇನ್ನು ಕೆಲವರು. ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದು ಮಣ್ಣು ತೂರಿ ಮರಾಠಿಯಲ್ಲಿ ಶಾಪ ಹಾಕಿ ಹೋದಳು. ಇವರು ತಲೆ ಬಗ್ಗಿಸಿ ಕೇಳಿಸಿಕೊಂಡರು. ನಾನು ಅವಳ ಹಿಂದೆಯೇ ಹೊರಟೆ, ನಡೆದದ್ದನ್ನು ನಡೆದಂತೆ ಹೇಳಬೇಕೆಂದು. ಇವರು ನನ್ನ ಸೆರಗು ಹಿಡಿದು ನಿಲ್ಲಿಸಿದರು.

“ಹೇಳಿ ಏನ್ ಮಾಡ್ತಿ? ಆಕಿಗಿ ಬೈಯಾಕ ಯಾರರ ಒಬ್ರು ಬೇಕು. ಸತ್ತಾಂವನ್ನ ಬೈಯಾಕ ಹಚ್ಚಬ್ಯಾಡ.”

ನನಗೆ ಅದು ದೊಡ್ಡತನ ಎನಿಸಲಿಲ್ಲ. ಅಪವಾದ ಅವರೊಬ್ಬರದಾಗಿದ್ದರೆ ಅವರು ಹೊರಲಿ. ಅದರಲ್ಲಿ ನನ್ನ ಕಣ್ಣಿನ ಪಾಲೂ ಇತ್ತು. ಬಹಳ ದಿನ ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಆದರೂ ಯಾರಿಗೂ ಹೇಳಲಿಲ್ಲ.

ಮಳೆಗಾಲ ಬರುವಷ್ಟರಲ್ಲಿ ಗಾಡಿಗಳು ಬರುವುದು ಪೂರ್ತಿ ನಿಂತಿತು. ಗ್ಯಾರೇಜು ಮುಚ್ಚಿ ಬೆಳಗಾವಿಗೆ ಬಂದು, ಶಹಾಪುರದ ಮಗ್ಗದ ಓಣಿಯಲ್ಲಿ ಬಾಡಿಗೆಗೆ ಇದ್ದೆವು. ಇಬ್ಬರೂ ಮಗ್ಗದ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆವು. ನೂಲಿನ ಬಣ್ಣ ಯಾವುದು ಎಂದು ಅವರು ಒಮ್ಮೆಯೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎಂಬತ್ತರ ದಶಕದ ನಡುವೆ ಅವರು ಜ್ವರ ಬಂದು ತೀರಿಹೋದರು.

ಅದರ ಮರುವರ್ಷ ಯಾವುದೋ ಕೆಲಸಕ್ಕೆ ಖಾನಾಪುರಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ಆ ಡ್ರೈವರನ ಹೆಂಡತಿ ಎದುರಾದಳು. ತಲೆ ಪೂರ್ತಿ ನೆರೆತಿತ್ತು. ತಪ್ಪಿಸಿಕೊಂಡು ಹೋಗುವವಳಿದ್ದೆ, ಅವಳೇ ನನ್ನ ಬಾಜು ಬಂದು ನಿಂತಳು. ನನ್ನ ಬೋಳು ಹಣೆ ನೋಡಿದಳು.

“ನಿಮ್ಮವರು ಹೋದದ್ದು ಕೇಳಿದ್ನಿ. ಕಣ್ಣಿಲ್ಲದ ಮನಶ್ಯಾ, ಅವರರ ಏನ್ ಮಾಡ್ಯಾರು. ನಾ ಖರೇ ಹೇಳ್ತೀನಿ, ಸಿಟ್ಟು ಬಿಟ್ಟೇನ್ರಿ ನಾ.”

ಜೀಪು ಒಯ್ಯಬೇಡ ಎಂದು ಇವರು ಅವತ್ತು ಹೇಳಿದ್ದನ್ನು ಅವಳಿಗೆ ಹೇಳಲು ನನಗೆ ತಡೆಯಿದ್ದುದು ಒಬ್ಬರದೇ, ಅವರೂ ಈಗ ಇರಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಿದ್ದಳು, ಅಂಗೈ ಕಲ್ಲಿನಂತೆ ಒರಟಾಗಿತ್ತು. ಉಪಕಾರವಾಯಿತು ಎಂದೆ. ಬೆಳಗಾವಿಯ ಬಸ್ಸು ಬಂತು, ಹತ್ತಿದೆ.