ಅವನ ಟೇಬಲ್ಲಿಗೆ ಮೊದಲು ಹೋದವನು

ವಿಶ್ವವಿದ್ಯಾಲಯದ ಹಾಸ್ಟೆಲ್ ಮೆಸ್ಸಿನಲ್ಲಿ ಆಫ್ರಿಕಾದಿಂದ ಬಂದಿದ್ದ ವಿದ್ಯಾರ್ಥಿಯೊಬ್ಬನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಹಾವೇರಿ ಕಡೆಯ ನಾವು ಕೆಲವರು ಅದನ್ನು ಖಂಡಿಸಿ ಭಿತ್ತಿಪತ್ರ ಅಂಟಿಸಿದೆವು, ಮರುದಿನದಿಂದ ಅವನ ಜೊತೆಗೇ ಊಟ ಮಾಡಬೇಕೆಂದು ತೀರ್ಮಾನಿಸಿದೆವು. ಮೊದಲು ಹೋಗಿ ಕುಳಿತವನು ನಾನೇ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

ಮೊನ್ನೆ ಬ್ಯಾಡಗಿಯಲ್ಲಿ ಚಹಾ ಕುಡಿಯುವಾಗ ಅದನ್ನೇ ಮತ್ತೆ ಹೇಳಿದೆ; ಆಗಿನ ಗೆಳೆಯನೊಬ್ಬ ನಕ್ಕುಬಿಟ್ಟ.

"ಖರೇ ಹೇಳಲೇ! ತಾಟು ಹಿಡ್ಕೊಂಡು ಬಾಗಿಲದಾಗ ನಿಂತಿದ್ದಿ. ನಿನ್ನ ಹಿಂದ ನಾವೂ ನಿಂತಿದ್ವಿ. ಅವನೇ ಎದ್ದು ಬಂದು 'ಬರ್ರಿ, ಕುಂದ್ರಿ' ಅಂದ."

ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ, ಮೆಸ್ಸಿನಲ್ಲಿ ನಮ್ಮ ಮಾತು ಕೇಳಿ ಕೇಳಿ ಕಲಿತಿದ್ದ ಆ ಎರಡು ಮಾತು ಆ ವಿದ್ಯಾರ್ಥಿಯ ದನಿಯಲ್ಲೇ ಕೇಳಿಸಿದವು. ಅವನು ತನ್ನ ರೊಟ್ಟಿ ಮುರಿದು ನನ್ನ ತಾಟಿಗೆ ಹಾಕಿದ್ದೂ ನೆನಪಾಯಿತು.

"ಹೌದಪಾ," ಅಂದೆ. "ನಾ ಅಂಜಿದ್ದೆ."