ಒಂದು ಚೂರು ಬೆಲ್ಲದ ಅಂತರ

ಮನುಷ್ಯನಿಗೂ ಮೂಕಪ್ರಾಣಿಗೂ ನಡುವಿನ ಅಂತರ ಅಗಾಧವಾದುದು. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಹಳ್ಳಿ ಮಧುರೆಯಲ್ಲಿ ಪಕ್ಕದ ಮನೆಯಲ್ಲಿದ್ದು, ಜನಕ್ಕೂ ದನಕ್ಕೂ ನಾಟಿ ಮದ್ದು ಕೊಡುತ್ತಿದ್ದ ಅಜ್ಜಿಯ ಪ್ರಕಾರ ಆ ಅಂತರ ಒಂದು ಚೂರು ಬೆಲ್ಲ. ಅಮೃತಬಳ್ಳಿ, ತುಳಸಿ, ಶುಂಠಿಯ ಕಷಾಯ ಎಲ್ಲರಿಗೂ ಒಂದೇ ಮಡಕೆಯದು. ಬೆಲ್ಲ ಮಾತ್ರ ಮನುಷ್ಯರಿಗೆ. "ದನ, ನಾಯಿ ಕಹಿ ಅಂತ ಗೊಣಗಲ್ಲ ಕಣಪ್ಪ," ಎನ್ನುತ್ತಾ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು.

ಒಮ್ಮೆ ಊರಿನ ಪಟೇಲರು ತಮ್ಮ ಮುದಿ ನಾಯಿಯನ್ನು ಎತ್ತಿಕೊಂಡು ಬಂದರು. ಅದು ಅನ್ನ ಬಿಟ್ಟಿತ್ತು. ನೆಗಡಿಯಾಗಿ ಪಟೇಲರ ಗಂಟಲೂ ಕೆಟ್ಟಿತ್ತು.

"ದನದ ಡಾಕ್ಟ್ರು ಪುಡಿ ಕೊಟ್ಟವ್ರೆ ಅಜ್ಜಿ."

"ಅದನ್ನ ಬಿಡಬ್ಯಾಡಿ, ಇದು ಜೊತೆಗಿರ್ಲಿ. ಮೊದ್ಲು ನೀವು ಕುಡೀರಿ, ನಿಮ್ಮನ್ನ ನೋಡಿ ಅದು ಕುಡೀತದೆ."

ಪಟೇಲರು ಬೆಲ್ಲವಿಲ್ಲದ ಕಷಾಯ ಕುಡಿದು ಮುಖ ಕಿವುಚಿದರು. ನಾಯಿ ಮೂತಿ ತಿರುಗಿಸಿತು.

"ನನ್ನ ಲೋಟಕ್ಕೆ ಚೂರು ಬೆಲ್ಲ ಹಾಕಜ್ಜಿ."

"ಅದಕ್ಕೆ ಮೋಸ ಮಾಡ್ತೀರಾ? ಮುಖ ನೆಟ್ಟಗಿಟ್ಕೊಂಡು ಇನ್ನೊಂದು ಲೋಟ ಕುಡೀರಿ ಪಟೇಲ್ರೇ."

ಊರನ್ನೇ ಗದರಿಸುತ್ತಿದ್ದ ಪಟೇಲರು ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣಲ್ಲಿ ನೀರು ತುಂಬಿದ್ದರೂ ನಗುನಗುತ್ತಲೇ ಕುಡಿದರು. ನಾಯಿ ಬಹಳ ಹೊತ್ತು ಅವರ ಮುಖ ನೋಡಿ, ಕೊನೆಗೆ ತನ್ನ ಬಟ್ಟಲಿಗೆ ನಾಲಗೆ ಹಾಕಿತು.

ಮಾರನೆಯ ಬೆಳಿಗ್ಗೆ ಅದು ಮುದ್ದೆ ತಿಂದಿತು. ಪಟೇಲರ ಗಂಟಲಿಗೆ ಇನ್ನೂ ಒಂದು ವಾರ ಹಿಡಿಯಿತು.